ಕತ್ತಲಕ್ಕನ ಕ್ಯಾಮೆರಾ

ಆಸ್ಪತ್ರೆಯಲ್ಲಿ ಅವಳಿಗೆ ಕತ್ತಲಕ್ಕ ಎಂದು ಹೆಸರಿಟ್ಟವರು ಯಾರೆಂದು ಈಗ ಯಾರಿಗೂ ನೆನಪಿಲ್ಲ. ಎಕ್ಸ್-ರೇ ವಿಭಾಗದ ಹಿಂದೆ, ಕಿಟಕಿಗೆ ಹಲಗೆ ಹೊಡೆದ ಒಂದು ಸಣ್ಣ ಕೋಣೆ ಇತ್ತು. ಒಳಗೆ ಮಂದವಾದ ಕೆಂಪು ದೀಪ, ಮೂರು ತೊಟ್ಟಿ, ಗೋಡೆಯುದ್ದಕ್ಕೂ ನೇತುಹಾಕಿದ ಉಕ್ಕಿನ ಚೌಕಟ್ಟುಗಳು. ಹೊರಗೆ ಯಾರದೋ ಮುರಿದ ಕೈಯದೋ ಕಫ ಕಟ್ಟಿದ ಎದೆಯದೋ ಚಿತ್ರ ತೆಗೆದ ಮೇಲೆ, ಫಿಲಂ ಇರುವ ಚಪ್ಪಟೆ ಪೆಟ್ಟಿಗೆ ಗೋಡೆಯ ಕಿಂಡಿಯಿಂದ ಒಳಗೆ ಬರುತ್ತಿತ್ತು. ಅವಳು ಅದನ್ನು ಬಿಚ್ಚಿ, ಫಿಲಮ್ಮನ್ನು ಚೌಕಟ್ಟಿಗೆ ಸಿಕ್ಕಿಸಿ, ಮೊದಲ ತೊಟ್ಟಿಯ ದ್ರಾವಣದಲ್ಲಿ ಅದ್ದುತ್ತಿದ್ದಳು. ಕೆಂಪು ಬೆಳಕಿನಲ್ಲಿ ಮೂಳೆಗಳು ಮೆಲ್ಲಗೆ ಮೇಲೆದ್ದು ಬರುತ್ತಿದ್ದವು. ಇಪ್ಪತ್ತು ವರ್ಷ ಇದನ್ನೇ ಮಾಡಿದಳು. ಹೊಸದಾಗಿ ಕೆಲಸಕ್ಕೆ ಸೇರಿದ ನರ್ಸುಗಳು ಒಳಗೆ ಬಂದು ಗೋಡೆಗೆ ಹಣೆ ಬಡಿದುಕೊಂಡಾಗ, "ಅಲ್ಲೇ ನಿಂತ್ಕೊಳಮ್ಮ, ಕತ್ತಲೆ ನಿನ್ನನ್ನ ತಿನ್ನಲ್ಲ, ಮೊದಲು ನಿನ್ನ ಗುರುತು ಹಿಡಿಯುತ್ತೆ, ಆಮೇಲೆ ದಾರಿ ಬಿಡುತ್ತೆ" ಎನ್ನುತ್ತಿದ್ದಳು. ಸಂತೆಯಲ್ಲಿ ಯಾರಾದರೂ ನಮಸ್ಕಾರ ಹೇಳಿದರೆ, "ಮುಖ ನೆನಪಾಗ್ತಿಲ್ಲ ಕಣ್ರೀ, ಪಕ್ಕೆಲುಬು ಕಂಡಿದ್ರೆ ಯಾರು ಅಂತ ಹೇಳ್ತಿದ್ದೆ" ಎಂದು ನಗಿಸುತ್ತಿದ್ದಳು. ಅಳುಕು ಎಂಬುದು ಅವಳ ಜಾತಕದಲ್ಲೇ ಇರಲಿಲ್ಲ.

ಆಮೇಲೆ ಹೊಸ ಯಂತ್ರ ಬಂತು. ಫಿಲಂ ಇಲ್ಲ, ತೊಟ್ಟಿ ಇಲ್ಲ; ಚಿತ್ರ ನೇರವಾಗಿ ಕಂಪ್ಯೂಟರಿನ ಪರದೆಗೆ. ಕತ್ತಲಕ್ಕನನ್ನು ಯಾರೂ ಮನೆಗೆ ಕಳಿಸಲಿಲ್ಲ. ಕಂಪ್ಯೂಟರಿನ ಮುಂದೆ ಕೂರಿಸಿ, ರೋಗಿಗಳ ಹೆಸರು, ವಯಸ್ಸು ತುಂಬುವ ಕೆಲಸ ಕೊಟ್ಟರು. ವಾರದೊಳಗೆ ಕಲಿತಳು. ಆದರೂ ಮಧ್ಯಾಹ್ನದ ಬುತ್ತಿ ಬಿಚ್ಚುವುದು ಮಾತ್ರ ಹಳೆಯ ಕೋಣೆಯಲ್ಲೇ. "ಬೆಳಕಲ್ಲಿ ಕೂತು ಉಂಡ್ರೆ ಊಟ ಮೈಗೆ ಹತ್ತಲ್ಲ" ಎಂಬುದು ಅವಳು ಕೊಡುತ್ತಿದ್ದ ಕಾರಣ.

ಒಂದು ದಿನ ಹಾಗೆ ಉಣ್ಣುತ್ತಿದ್ದಾಗ ಎದುರು ಗೋಡೆಯ ಮೇಲೆ ಏನೋ ಹರಿದಾಡಿತು. ತಲೆ ಎತ್ತಿ ನೋಡಿದರೆ ಒಂದು ಬಸ್ಸು, ತಲೆಕೆಳಗಾಗಿ, ಚಕ್ರಗಳನ್ನು ಮೇಲೆ ಮಾಡಿಕೊಂಡು ಗೋಡೆಯ ಈ ತುದಿಯಿಂದ ಆ ತುದಿಗೆ ಹೋಗುತ್ತಿದೆ. ಅದರ ಹಿಂದೆ ತಲೆಕೆಳಗಾದ ಸೈಕಲ್ಲು. ಸೂರಿನ ಹತ್ತಿರ ರಸ್ತೆ, ನೆಲದ ಹತ್ತಿರ ಆಕಾಶ. ಅವಳು ಕೈಯಲ್ಲಿದ್ದ ತುತ್ತನ್ನು ಬುತ್ತಿಗೆ ಹಾಕಿ ಎದ್ದಳು. ಕಿಟಕಿಗೆ ಹೊಡೆದ ಹಲಗೆಯ ಒಂದು ಮೊಳೆ ಬಿದ್ದುಹೋಗಿ ಅಲ್ಲಿ ತೂತು ಉಳಿದಿತ್ತು. ಅದಕ್ಕೆ ಬೆರಳು ಒತ್ತಿದಳು, ಗೋಡೆಯ ಮೇಲೆ ಕಾಣುತ್ತಿದ್ದ ಎದುರಿನ ಬಸ್ಸು ನಿಲ್ದಾಣ ಮಾಯ. ಬೆರಳು ತೆಗೆದಳು, ನಿಲ್ದಾಣ ಮತ್ತೆ ಬಂತು. ಯಾರೋ ಕಟ್ಟಿಕೊಟ್ಟ ಸಣ್ಣ ಚಿತ್ರಮಂದಿರದಲ್ಲಿ ಒಬ್ಬಳೇ ಕೂತ ಹಾಗೆ ಅವಳು ಆ ದಿನ ಊಟ ಮುಗಿಸಿದಳು.

ಕೋಣೆಯ ಮೂಲೆಯಲ್ಲಿ ಬಳಸದೆ ಉಳಿದ ಫಿಲಂ ಪೆಟ್ಟಿಗೆಗಳು ಇನ್ನೂ ಇದ್ದವು. ಮರುದಿನ ಬೆಳಿಗ್ಗೆ ಬೇಗ ಬಂದು ತೊಟ್ಟಿಗಳಿಗೆ ದ್ರಾವಣ ತುಂಬಿದಳು. ಮಧ್ಯಾಹ್ನ ತೂತಿಗೆ ಅಂಟುಪಟ್ಟಿ ಹಚ್ಚಿ, ಕೆಂಪು ದೀಪದಲ್ಲಿ ಒಂದು ಫಿಲಂ ತೆಗೆದು ಎದುರು ಗೋಡೆಗೆ ಅಂಟಿಸಿದಳು. ಅಂಟುಪಟ್ಟಿ ಕಿತ್ತು, ಉಣ್ಣುತ್ತ ಕೂತಳು. ಊಟ ಮುಗಿದ ಮೇಲೆ ತೂತು ಮುಚ್ಚಿ ಫಿಲಂ ತೊಳೆದಳು. ಮರ ಬಂದಿತ್ತು, ನಿಲ್ದಾಣದ ಕಲ್ಲುಬೆಂಚು ಬಂದಿತ್ತು. ಬಸ್ಸು ಒಂದೂ ಬಂದಿರಲಿಲ್ಲ. ಓಡಾಡಿದ ಜನ ಒಬ್ಬರೂ ಬಂದಿರಲಿಲ್ಲ. ಆಸ್ಪತ್ರೆಯ ಗೇಟಿನಲ್ಲಿ ಕುರ್ಚಿಯ ಮೇಲೆ ತೂಕಡಿಸುತ್ತಿದ್ದ ಕಾವಲುಗಾರ ಮಾತ್ರ, ಬಾಯಿ ತೆರೆದದ್ದೂ ಸೇರಿ, ಸ್ಪಷ್ಟವಾಗಿ ಬಂದಿದ್ದ.

ಅದನ್ನು ಒಣಗಿಸಿ ಎಕ್ಸ್-ರೇ ಡಾಕ್ಟರ ಕೋಣೆಗೆ ಒಯ್ದಳು. ಡಾಕ್ಟರು ಅವಳಷ್ಟೇ ವರ್ಷ ಅದೇ ಆಸ್ಪತ್ರೆಯಲ್ಲಿ ಕಣ್ಣು ಸವೆಸಿದವರು. ಅಭ್ಯಾಸಬಲದಿಂದ ಫಿಲಮ್ಮನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿ ಕನ್ನಡಕ ಮೇಲೆತ್ತಿದರು.

"ಇದು ಯಾವ ರೋಗೀದಮ್ಮ?"

"ರಸ್ತೇದು ಸಾರ್."

"ಏನಾಗಿದೆ ಅದಕ್ಕೆ?"

"ಏನೂ ಆಗಿಲ್ಲ ಸಾರ್, ಚೆನ್ನಾಗೇ ಇದೆ. ನಮ್ಮ ಕಾವಲುಗಾರನಿಗೇ ಸ್ವಲ್ಪ ನಿದ್ದೆ ಜಾಸ್ತಿ."

ಡಾಕ್ಟರು ಕನ್ನಡಕ ಮೂಗಿಗೆ ಇಳಿಸಿ ಫಿಲಮ್ಮಿನಲ್ಲಿ ಕಾವಲುಗಾರನನ್ನು ಹುಡುಕಿದರು. ಆಮೇಲೆ ಜೋರಾಗಿ ನಕ್ಕರು. ಉಳಿದ ಫಿಲಂ ಪೆಟ್ಟಿಗೆಗಳ ಅವಧಿ ಮುಗಿಯುತ್ತ ಬಂದಿತ್ತು, ಕೋಣೆಯನ್ನು ಉಗ್ರಾಣ ಮಾಡುವುದೂ ನಿಶ್ಚಯವಾಗಿತ್ತು. ಡಾಕ್ಟರೇ ಮೇಲಿನವರ ಹತ್ತಿರ ಹೋಗಿ ಮಾತಾಡಿ, ಗುಜರಿಗೆ ಹೋಗಬೇಕಿದ್ದ ತೊಟ್ಟಿ, ಚೌಕಟ್ಟು, ಫಿಲಂ ಎಲ್ಲವನ್ನೂ ಅವಳಿಗೆ ಕೊಡಿಸಿದರು. "ತೂತಿಂದ ಎಷ್ಟು ದಿನ ನೋಡ್ತೀಯ? ಒಂದು ಲೆನ್ಸು ಹುಡುಕು" ಎಂದು ಒಂದು ಮಾತೂ ಸೇರಿಸಿದರು.

ಲೆನ್ಸು ಹುಡುಕಿಕೊಂಡು ಅವಳು ಹೋದದ್ದು ಮಾರುಕಟ್ಟೆಯ ಮಹಡಿ ಮೇಲಿನ ಫೋಟೋ ಸ್ಟುಡಿಯೋಗೆ. ಸ್ಟುಡಿಯೋದ ಯಜಮಾನ ಪಾಸ್‌ಪೋರ್ಟ್ ಅಳತೆಯ ಮುಖಗಳನ್ನು ಕತ್ತರಿಸುತ್ತ ಕೂತಿದ್ದ. ಅವಳ ಮಾತನ್ನೆಲ್ಲ ಕೇಳಿ, "ಫೋನಲ್ಲೇ ತೆಗೀಬಹುದಲ್ಲಕ್ಕ" ಎಂದ.

"ಫೋನಿದೆ. ಎಕ್ಸ್-ರೇ ಫಿಲಂ ಇದೆ. ಫೋನಲ್ಲಿ ಫಿಲಂ ಹಿಡಿಸಲ್ಲ. ಎಷ್ಟು ದೊಡ್ಡದು ಅಂತ ನೋಡಿ" ಎಂದು ಅವಳು ಫಿಲಂ ತೆಗೆದು ಅವನ ಮೇಜಿನ ಮೇಲೆ ಹರವಿದಳು. ಅವನ ಪಾಸ್‌ಪೋರ್ಟ್ ಮುಖಗಳೆಲ್ಲ ಅದರ ಕೆಳಗೆ ಮುಚ್ಚಿಹೋದವು.

ಯಜಮಾನನ ಮುಖ ಬದಲಾಯಿತು. ಎದ್ದು ಹೋಗಿ, ರಸೀದಿಗಳು ಹಾರದಂತೆ ಮೇಲಿಟ್ಟಿದ್ದ ಒಂದು ಹಿತ್ತಾಳೆಯ ಗುಂಡನೆಯ ವಸ್ತುವನ್ನು ತಂದ. ಒರೆಸಿದ. ಅದು ಲೆನ್ಸು. ಅವನ ತಂದೆಯ ಕಾಲದಲ್ಲಿ ಸ್ಟುಡಿಯೋದಲ್ಲಿದ್ದ ಮರದ ದೊಡ್ಡ ಕ್ಯಾಮೆರಾದ್ದು. ಕ್ಯಾಮೆರಾವನ್ನು ಗೆದ್ದಲು ತಿಂದು ಕಣ್ಣು ಮಾತ್ರ ಉಳಿದಿತ್ತು. "ಇದಕ್ಕೆ ಶಟರ್ ಇಲ್ಲ, ಮುಚ್ಚಳ ತೆಗೆಯೋದು, ಎಣಿಸೋದು, ಮುಚ್ಚೋದು. ಹಿಂದುಗಡೆ ಮಬ್ಬು ಗಾಜು. ನಡುವೆ ಮಡಿಕೆ ಮಡಿಕೆಯಾಗಿ ಹಿಗ್ಗೋ ಕುಗ್ಗೋ ತಿದಿ. ಹತ್ತಿರದ್ದು ಬೇಕಾದ್ರೆ ತಿದಿ ಉದ್ದ ಮಾಡ್ಬೇಕು, ದೂರದ್ದು ಬೇಕಾದ್ರೆ ಗಿಡ್ಡ. ಗಾಜಿನ ಮೇಲೆ ಚಿತ್ರ ಸ್ಪಷ್ಟ ಆದ ಮೇಲೆ ಗಾಜು ತೆಗೆದು ಅದೇ ಜಾಗದಲ್ಲಿ ಫಿಲಂ ಕೂರಿಸ್ಬೇಕು. ಇಷ್ಟೇ ವಿದ್ಯೆ" ಎಂದ. ನಂತರ, "ತಗೊಂಡು ಹೋಗಿ. ಆದ್ರೆ ಚೆನ್ನಾಗಿ ಬರೋ ಮೊದಲನೇ ಫೋಟೋ ನಂದೇ ಆಗಿರ್ಬೇಕು" ಎಂದು ಷರತ್ತು ಹಾಕಿದ.

"ಆಯ್ತು. ಹಜಾಮತಿ ಮಾಡಿಸ್ಕೊಂಡು ಸಿದ್ಧವಾಗಿರಿ" ಎಂದು ಕತ್ತಲಕ್ಕ ಲೆನ್ಸನ್ನು ಸೆರಗಿನಲ್ಲಿ ಕಟ್ಟಿಕೊಂಡಳು.

ಇನ್ನು ಮರದ ಕೆಲಸ, ತಿದಿಯ ಕೆಲಸ. ಎರಡಕ್ಕೂ ಮನೆಯಲ್ಲೇ ಜನ ಇದ್ದರು. ತೊಡಕು ಇದ್ದದ್ದೂ ಅಲ್ಲೇ. ಅವಳ ಗಂಡ ವಾಹನಗಳಿಗೆ ಸೀಟು ಹೊದಿಕೆ ಹೊಲಿಯುವವನು. ರೆಕ್ಸಿನ್, ಕಪ್ಪು ಬಟ್ಟೆ, ದಪ್ಪ ಸೂಜಿಯ ಯಂತ್ರ ಎಲ್ಲ ಅವನ ಅಂಗಡಿಯಲ್ಲಿತ್ತು. ಗಂಡನ ಅಣ್ಣ, ಅಂದರೆ ಅವಳ ಭಾವ, ಬಡಗಿ. ಅಣ್ಣತಮ್ಮಂದಿರು ಒಂದೇ ಹಿತ್ತಲಿನ ಆಚೀಚೆ ಮನೆ ಮಾಡಿಕೊಂಡಿದ್ದರು, ಆದರೆ ಐದು ವರ್ಷದಿಂದ ಮಾತಿರಲಿಲ್ಲ. ಜಗಳ ಆಸ್ತಿಗಲ್ಲ, ಒಂದು ಬಾಗಿಲಿಗೆ. ಭಾವ ಮಾಡಿಕೊಟ್ಟ ಬಾಗಿಲು ಮಳೆಗಾಲದಲ್ಲಿ ಬಿಗಿಯಾಗಿ ಕೂತಾಗ, ತಮ್ಮ ಅವಸರಪಟ್ಟು ದಾರಿಯಲ್ಲಿ ಸಿಕ್ಕ ಬೇರೊಬ್ಬ ಬಡಗಿಯನ್ನು ಕರೆತಂದು ಅದರ ಅಂಚು ಕೆತ್ತಿಸಿದ್ದ. "ನಾನು ಹಾಕಿದ ಬಾಗಿಲಿಗೆ ಇನ್ನೊಬ್ಬನ ಉಜ್ಜುಗೊರಡು!" ಎಂದು ಭಾವ ಅವತ್ತೇ ಬಾಯಿಗೆ ಬೀಗ ಹಾಕಿಕೊಂಡವರು ಮತ್ತೆ ತೆಗೆದಿರಲಿಲ್ಲ. ಅತ್ತೆ ಬೆಳಿಗ್ಗೆ ಹಿರಿಯ ಮಗನ ಮನೆಯಲ್ಲಿ, ಸಂಜೆ ಕಿರಿಯ ಮಗನ ಮನೆಯಲ್ಲಿ ಉಂಡು, ಇಬ್ಬರ ನಡುವೆ ಅಂಚೆ ಹಂಚುವ ಕೆಲಸವನ್ನೂ ಮಾಡುತ್ತಿದ್ದಳು.

ಕತ್ತಲಕ್ಕ ಮೊದಲು ಭಾವನ ಕೊಟ್ಟಿಗೆಗೆ ಹೋದಳು. "ಭಾವ, ಒಂದು ಪೆಟ್ಟಿಗೆ ಬೇಕು, ಬೆಳಕು ನುಗ್ಗದಂಥದ್ದು."

"ಬೆಳಕು ನುಗ್ಗದ ಪೆಟ್ಟಿಗೆ ಅಂದ್ರೆ ಹೆಣದ ಪೆಟ್ಟಿಗೆ ಒಂದೇ ಕಣಮ್ಮ" ಎಂದರು ಭಾವ. ಆದರೆ ಲೆನ್ಸು ಕೈಗೆ ಸಿಕ್ಕಿದ್ದೇ ತಡ, ಅದನ್ನು ತಿರುಗಿಸಿ ತಿರುಗಿಸಿ ನೋಡಿ ಪೆನ್ಸಿಲನ್ನು ಕಿವಿಯಿಂದ ಇಳಿಸಿದರು. ಫಿಲಂ ಹಿಡಿಯುವ ಪೆಟ್ಟಿಗೆ ಆಸ್ಪತ್ರೆಯದೇ ಸಾಲದೇ ಎಂದು ಕೇಳಿದಾಗ ಅವಳು ಬಿಡಿಸಿ ಹೇಳಿದಳು: "ಎಕ್ಸ್-ರೇ ಮುಚ್ಚಳ ತೂರ್ಕೊಂಡು ಹೋಗುತ್ತೆ ಭಾವ, ಬೆಳಕು ಹೋಗಲ್ಲ. ಅದಕ್ಕೇ ಜಾರೋ ಮುಚ್ಚಳ ಇರೋ ತೆಳ್ಳನೆ ಪೆಟ್ಟಿಗೆ ಬೇಕು. ಕ್ಯಾಮೆರಾಗೆ ಕೂರಿಸಿದ ಮೇಲೆ ಮುಚ್ಚಳ ಮೇಲಕ್ಕೆ ಎಳೀಬೇಕು."

"ಬಳಪದ ಪೆಟ್ಟಿಗೆ ಮುಚ್ಚಳದ ಹಾಗೆ."

"ಅದೇ. ಭಾವನಿಗೆ ಎರಡು ಸಲ ಹೇಳೋ ಹಾಗಿಲ್ಲ."

ಹೊಗಳಿಕೆಗೆ ಕರಗದ ಬಡಗಿ ಇಲ್ಲ. ಗಂಡನಿಗೆ ಹೊಗಳಿಕೆ ಬೇಕಾಗಲಿಲ್ಲ; ತಿದಿಗೆ ಎಷ್ಟು ಮಡಿಕೆ, ಮೂಲೆಯಲ್ಲಿ ಹೇಗೆ ತಿರುಗಬೇಕು ಎಂಬ ಯೋಚನೆಯಲ್ಲೇ ಎರಡು ದಿನ ಅಂಗಡಿಗೆ ಬಂದವರನ್ನು ಹಿಂದಕ್ಕೆ ಕಳಿಸಿದ. ಹಳೆಯ ಕ್ಯಾಲೆಂಡರಿನ ಹಾಳೆ ಮಡಿಸಿ, ಬಿಚ್ಚಿ, ಮತ್ತೆ ಮಡಿಸಿ, ಕೊನೆಗೆ ರಟ್ಟಿನ ಪಟ್ಟಿಗಳನ್ನು ಕಪ್ಪು ಬಟ್ಟೆ ಮತ್ತು ರೆಕ್ಸಿನ್ ನಡುವೆ ಅಂಟಿಸಿ ತಿದಿ ಮಾಡಿದ. ಮಬ್ಬು ಗಾಜಿಗೆ ಬಚ್ಚಲು ಕಿಟಕಿಗೆ ಹಾಕುವ ಗಾಜನ್ನೇ ಕೊಯ್ಯಿಸಿ ತಂದರು. ಕತ್ತಲೆ ಕೋಣೆಯೂ ಬಚ್ಚಲೇ. ಮನೆಯ ಬಚ್ಚಲಲ್ಲಿ ಆಸ್ಪತ್ರೆಯ ತೊಟ್ಟಿಗಳು ಕೂತ ದಿನ ಅತ್ತೆ, "ಇನ್ಮೇಲೆ ನಾನು ಎಲ್ಲಿ ಮೈ ತೊಳೀಲಿ, ಗಟಾರದಲ್ಲಾ?" ಎಂದು ರೇಗಿದಳು. ಭಾನುವಾರ ಬೆಳಿಗ್ಗೆ ಫಿಲಮ್ಮಿನ ಸ್ನಾನ, ಮಧ್ಯಾಹ್ನ ಮನುಷ್ಯರ ಸ್ನಾನ ಎಂದು ರಾಜಿಯಾಯಿತು.

ಕ್ಯಾಮೆರಾ ನಿಂತಿತು. ಮಗುವಿನ ತೊಟ್ಟಿಲಷ್ಟು ದೊಡ್ಡದು. ಕತ್ತಲಕ್ಕ ಹಿತ್ತಲಿನಲ್ಲಿ ಅದನ್ನು ಮೇಜಿನ ಮೇಲಿಟ್ಟು, ಕಪ್ಪು ಬಟ್ಟೆ ಹೊದ್ದು, ಗಾಜಿನಲ್ಲಿ ತಲೆಕೆಳಗಾದ ಪೇರಲ ಗಿಡ ನೋಡಿ, ಫಿಲಂ ಕೂರಿಸಿ, ಲೆನ್ಸಿನ ಮುಚ್ಚಳ ತೆಗೆದು, ಎಣಿಸಿ, ಮತ್ತೆ ಹಾಕಿದಳು. ಬಚ್ಚಲಿಗೆ ಹೋಗಿ ತೊಳೆದಳು. ಫಿಲಂ ಪೂರ್ತಿ ಕಪ್ಪು, ಹೆಂಚಿನ ತಳದ ಹಾಗೆ. ಇನ್ನೊಂದು ತೊಳೆದಳು. ಅದೂ ಕಪ್ಪು.

ಕಪ್ಪಾಗಿದೆ ಅಂದರೆ ಒಳಗೆಲ್ಲ ಬೆಳಕು ನುಗ್ಗಿದೆ ಎಂದು ಅವಳಿಗೆ ಹೇಳಿಕೊಡಬೇಕಿರಲಿಲ್ಲ. ನುಗ್ಗಿದ್ದೆಲ್ಲಿ? ಭಾವ ತಾಯಿಯ ಕಡೆ ತಿರುಗಿ, "ಅಮ್ಮ, ನನ್ನ ಕೀಲಲ್ಲಿ ಕೂದಲೆಳೆ ತೂರಲ್ಲ. ಹೊಲಿಗೆ ನೋಡ್ಕೊಳ್ಳೋಕೆ ಹೇಳು" ಎಂದರು. ಗಂಡ ಆಕಾಶದ ಕಡೆ ನೋಡಿ, "ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ" ಎಂದ. ಅತ್ತೆಗೆ ರೋಸಿಹೋಯಿತು. "ಎತ್ತು ಏರಿಗೆ, ಕೋಣ ನೀರಿಗೆ! ನಡುವೆ ನನ್ನನ್ನ ಯಾಕ್ರೋ ನೊಗ ಮಾಡ್ಕೊಂಡಿದೀರಿ?"

ಕತ್ತಲಕ್ಕ ಇಬ್ಬರ ಮಾತನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮಟಮಟ ಮಧ್ಯಾಹ್ನ, ಬಿಸಿಲು ನೆತ್ತಿಯ ಮೇಲಿತ್ತು. ಲೆನ್ಸಿಗೆ ಮುಚ್ಚಳ ಹಾಕಿ, ಕ್ಯಾಮೆರಾದ ಹಿಂದಿನ ಗಾಜು ಬಿಚ್ಚಿ ತೆಗೆದಳು. "ಭಾವ, ತಲೆ ಒಳಗೆ ಹಾಕಿ."

"ಯಾರ ತಲೆ?"

"ನಿಮ್ಮದೇ. ಮಾಡಿದೋರು ನೀವು, ನಿಮಗೇ ಚೆನ್ನಾಗಿ ಕಾಣೋದು."

ಭಾವ ಬಗ್ಗಿ ಪೆಟ್ಟಿಗೆಯೊಳಗೆ ತಲೆ ತೂರಿಸಿದರು. ಅವಳು ಕುತ್ತಿಗೆಯ ಸುತ್ತ ಕಪ್ಪು ಬಟ್ಟೆ ಬಿಗಿಯಾಗಿ ಸುತ್ತಿದಳು. ಹಿತ್ತಲಿನಲ್ಲಿ ಈಗ ಒಂದು ಮುಂಡ ಮಾತ್ರ ನಿಂತಿತ್ತು, ಸೊಂಟದ ಮೇಲೆ ಕೈಯಿಟ್ಟುಕೊಂಡು. ಕೊಂಚ ಹೊತ್ತು ಏನೂ ಕೇಳಿಸಲಿಲ್ಲ. ಕಣ್ಣು ಕತ್ತಲೆಗೆ ಒಗ್ಗಬೇಕಲ್ಲ. ಆಮೇಲೆ ಪೆಟ್ಟಿಗೆಯೊಳಗಿಂದ ಬಾವಿಯಿಂದ ಬಂದಂಥ ದನಿ: "ನಕ್ಷತ್ರ! ನಕ್ಷತ್ರ ಕಾಣ್ತಿವೆ!"

ಕಂಬಕ್ಕೆ ಒರಗಿ ಕೈ ಕಟ್ಟಿ ನಿಂತಿದ್ದ ಗಂಡನಿಗೆ ತಡೆಯಲಾಗಲಿಲ್ಲ. "ಎಲ್ಲಿ?" ಎಂದ.

"ಎಡಗಡೆ. ಮೇಲೆ. ಮಡಿಕೆ ತಿರುಗೋ ಮೂಲೇಲಿ."

ಅವನು ಓಡಿಬಂದು ಬೆರಳು ಒತ್ತಿದ. "ಇಲ್ಲಾ?"

"ಇನ್ನೂ ಕೆಳಗೆ ಬಾರೋ. ಇನ್ನೂ. ಹಾಂ, ಹೋಯ್ತು. ಅಲ್ಲೇ ಹಿಡ್ಕೊ."

"ಹಿಡ್ಕೊಂಡೆ ಅಣ್ಣ. ಇನ್ನೊಂದು ಎಲ್ಲಿದೆ?"

ಅತ್ತೆ ಬಾಯಿಗೆ ಸೆರಗು ಮುಚ್ಚಿಕೊಂಡು ಕಟ್ಟೆಯ ಮೇಲೆ ಕುಸಿದು ಕೂತಳು. ಕತ್ತಲಕ್ಕ ಕಪ್ಪು ಅಂಟಿನ ಡಬ್ಬಿ ಹಿಡಿದು ಗಂಡನ ಬೆರಳಿನ ಹಿಂದೆಯೇ ಬಳಿಯುತ್ತ ಹೋದಳು. ಭಾವ ತಲೆ ಹೊರಗೆ ತೆಗೆದಾಗ ಮುಖ ಬೆವರಿನಿಂದ ತೊಯ್ದು ಕೆಂಪಾಗಿತ್ತು. ತಮ್ಮನನ್ನು ನೋಡಿದರು. ಗಂಡ ತಂಬಿಗೆ ನೀರು ತಂದು ಅಣ್ಣನ ಮುಂದೆ ಹಿಡಿದ. ಅವರು ಕುಡಿದರು.

"ಯಾರ ಕಡೆ ಎಷ್ಟು ತೂತು?" ಎಂದು ಗಂಡ ಹೆಂಡತಿಯನ್ನು ಕೇಳಿದ.

"ಮರದ್ದೂ ಅಷ್ಟೇ, ಬಟ್ಟೇದೂ ಅಷ್ಟೇ. ಸಮ ಸಮ" ಎಂದಳು ಅವಳು. ನಿಜವಾದ ಲೆಕ್ಕ ಅವಳೊಬ್ಬಳಿಗೇ ಗೊತ್ತು.

ಅಲ್ಲಿಂದ ಮುಂದೆ ಕೆಲಸ ಸಲೀಸಾಯಿತು ಎನ್ನುವ ಹಾಗಿಲ್ಲ. ಬೆಳಕು ನುಗ್ಗುವುದು ನಿಂತರೂ, ಗಾಜಿನಲ್ಲಿ ಕಣ್ಣು ಸ್ಪಷ್ಟವಾಗಿ ಕಂಡರೆ ಫಿಲಮ್ಮಿನಲ್ಲಿ ಮೂಗಿನ ತುದಿ ಸ್ಪಷ್ಟವಾಗಿ ಬರುತ್ತಿತ್ತು. ಫಿಲಂ ಕೂರುವ ಜಾಗ ಗಾಜಿಗಿಂತ ಅಕ್ಕಿಕಾಳಿನಷ್ಟು ಹಿಂದೆ ಇತ್ತು. ಭಾವ ರಟ್ಟಿನ ಚೂರು ಇಟ್ಟು ಸರಿಮಾಡಿದರು. ಒಂದು ಸಲ ಕತ್ತಲಕ್ಕ ಲೆನ್ಸಿನ ಮುಚ್ಚಳ ಹಾಕದೆಯೇ ಫಿಲಮ್ಮಿನ ಮುಚ್ಚಳ ಎಳೆದಳು. ಇನ್ನೊಂದು ಸಲ ಒಂದೇ ಫಿಲಮ್ಮಿಗೆ ಎರಡು ಸಲ ಬೆಳಕು ಬಿಟ್ಟು, ಪೇರಲ ಗಿಡದಲ್ಲಿ ಅತ್ತೆಯ ತಲೆ ಬಿಟ್ಟಿತ್ತು. ಎಕ್ಸ್-ರೇ ಫಿಲಮ್ಮಿಗೆ ಎರಡೂ ಕಡೆ ಲೇಪ ಇರುತ್ತದೆ. ಉಗುರು ತಾಗಿದರೂ ಗೀರು. ಅದಕ್ಕೆ ಮಾತ್ರ ಅವಳು ಹೆದರಲಿಲ್ಲ, ಇಪ್ಪತ್ತು ವರ್ಷ ಅಂಚು ಹಿಡಿದೇ ಅಭ್ಯಾಸ. ಕೆಟ್ಟ ಫಿಲಂ ಒಂದನ್ನೂ ಬಿಸಾಡದೆ ಬಚ್ಚಲಿನ ಬಾಗಿಲಿಗೆ ನೇತುಹಾಕಿದಳು. "ಕೆಟ್ಟಿದ್ದು ಯಾಕೆ ಕೆಟ್ಟಿತು ಅಂತ ಗೊತ್ತಾದ ಮೇಲೆ ಅದು ಕೆಟ್ಟಿದ್ದಲ್ಲ" ಎನ್ನುತ್ತಿದ್ದಳು.

ಮೊದಲ ಒಳ್ಳೆಯ ಚಿತ್ರ ಷರತ್ತಿನಂತೆ ಸ್ಟುಡಿಯೋದ ಯಜಮಾನನದು. ಅವನು ಹೊಸ ಅಂಗಿ ಹಾಕಿ ಬಂದು ಹಿತ್ತಲಿನ ಕುರ್ಚಿಯಲ್ಲಿ ಕೂತ. ಅವಳು ಬಾಯಿಪಾಠವಾಗಿದ್ದ ಆಸ್ಪತ್ರೆಯ ಮಾತನ್ನೇ ಹೇಳಿದಳು: "ಉಸಿರು ಎಳ್ಕೊಳ್ಳಿ. ಹಿಡ್ಕೊಳ್ಳಿ. ಅಲ್ಲಾಡಬೇಡಿ. ಹಾಂ, ಈಗ ಬಿಡಿ." ತೊಳೆದ ಫಿಲಮ್ಮಿನ ಮೇಲೆ ಇನ್ನೊಂದು ಫಿಲಂ ಒತ್ತಿ, ಕ್ಷಣ ಮಾತ್ರ ಬೆಳಕು ತೋರಿಸಿ ತೊಳೆದರೆ ಕಪ್ಪು ಬಿಳಿ ಅದಲುಬದಲಾಗಿ ನಿಜವಾದ ಮುಖ ಬರುತ್ತಿತ್ತು. ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದಳು. ಈ ಫಿಲಮ್ಮಿಗೆ ಕೆಂಪು ಬಣ್ಣ ಕಾಣುವುದಿಲ್ಲ. ಮುಖದ ಮೇಲಿನ ಕೆಂಪೆಲ್ಲ ಕಪ್ಪಾಗಿ ಮೂಡುತ್ತದೆ. ಯಜಮಾನ ಚಿತ್ರ ನೋಡುತ್ತ ತನ್ನ ಕೆನ್ನೆ ಮುಟ್ಟಿಕೊಂಡ.

"ನಲವತ್ತು ವರ್ಷ ಊರ ಜನರ ಮಚ್ಚೆ, ಕಲೆ ಎಲ್ಲ ಅಳಿಸ್ಕೊಂಡು ಬಂದೆ. ನನ್ನದು ಒಂದೂ ಬಿಡದೆ ತೆಗೆದಿದೀರಲ್ಲಕ್ಕ!"

"ಬೇಡ ಅಂದ್ರೆ ಇಟ್ಟು ಹೋಗಿ."

"ಬೇಡ ಅಂತ ಯಾರು ಹೇಳಿದ್ರು? ಇದು ನಾನೇ ಕಣಕ್ಕ" ಎಂದು ಕಾಗದದಲ್ಲಿ ಸುತ್ತಿಕೊಂಡು ಹೋದವನು ಸ್ಟುಡಿಯೋದ ಕಿಟಕಿಗೆ ಅದನ್ನೇ ಹಾಕಿದ.

ಅತ್ತೆ ಮಾತ್ರ ಕೂರಲು ಒಪ್ಪಲಿಲ್ಲ. ಕಾರಣ ಅವಳ ಬಲಗೈ. ಎರಡು ವರ್ಷದಿಂದ ಆ ಕೈ ತಾನಾಗಿ ನಡುಗುತ್ತಿತ್ತು. ಮಡಿಲಲ್ಲಿ ಇಟ್ಟರೂ ನಡುಗು, ಸೆರಗಿನಡಿ ಬಚ್ಚಿಟ್ಟರೂ ನಡುಗು. ನೆಂಟರಿಷ್ಟರ ಮನೆಗೆ ಹೋಗುವುದನ್ನೇ ಬಿಟ್ಟಿದ್ದಳು. "ಒಂದು ಕ್ಷಣ ನಿಲ್ಲದ ಕೈ, ನೀನು ಉಸಿರು ಹಿಡಿಯೋವರೆಗೆ ನಿಲ್ಲುತ್ತಾ? ಬಿಡೇ" ಎಂದಳು. ಸೊಸೆ ಬಿಡುವ ಜಾತಿಯಲ್ಲ. ಒಂದು ಭಾನುವಾರ ಹೇಗೋ ಪುಸಲಾಯಿಸಿ ಕೂರಿಸಿದಳು. ಮೊದಲ ಫಿಲಂನಲ್ಲಿ ಮುಖ ಕಲ್ಲಿನಲ್ಲಿ ಕೆತ್ತಿದ ಹಾಗೆ ಬಂತು, ಮಡಿಲಲ್ಲಿ ಕೈಯಿದ್ದ ಕಡೆ ಹೊಗೆಯಂಥ ಮಸಕು. ಅತ್ತೆ ನೋಡಿ, "ನಾನು ಹೇಳಲಿಲ್ವಾ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಕತ್ತಲಕ್ಕನಿಗೆ ನೋವಾದದ್ದು.

ಮುಂದಿನ ಭಾನುವಾರ ಅವಳು ಮತ್ತೆ ಕಪ್ಪು ಬಟ್ಟೆಯೊಳಗೆ ಹೊಕ್ಕಳು. ಗಾಜಿನಲ್ಲಿ ಅತ್ತೆ ತಲೆಕೆಳಗಾಗಿ ಕೂತಿದ್ದಳು. ಡಾಕ್ಟರು ಕೊಟ್ಟಿದ್ದ ಭೂತಗನ್ನಡಿ ಹಿಡಿದು ಕಣ್ಣು, ಹಣೆ, ಕೈ ಹೀಗೆ ಒಂದೊಂದನ್ನೇ ನೋಡುತ್ತಿದ್ದಳು. ಮುಖ ಮೇಲೆ ಕೈ ಕೆಳಗೆ ಇದ್ದಾಗ ನಮ್ಮ ಕಣ್ಣು ಮುಖಕ್ಕೇ ಹೋಗುತ್ತದೆ. ಮಗುಚಿ ಹಾಕಿದ ಚಿತ್ರದಲ್ಲಿ ಹಾಗಲ್ಲ. ಕೈಯೇ ಮೇಲಿತ್ತು, ಎಲ್ಲಕ್ಕಿಂತ ಮೊದಲು ಕಾಣುತ್ತಿತ್ತು. ಅಷ್ಟರಲ್ಲಿ ಅತ್ತೆಯ ಕನ್ನಡಕ ಜಾರಿತು. ಅವಳು ಬಲಗೈ ಎತ್ತಿ ಅದನ್ನು ಮೇಲಕ್ಕೆ ತಳ್ಳಿದಳು. ಕತ್ತಲಕ್ಕ ಬಟ್ಟೆಯೊಳಗೇ ಉಸಿರು ಬಿಗಿಹಿಡಿದಳು. ತಳ್ಳುವಾಗ ಕೈ ನಡುಗಿರಲಿಲ್ಲ.

"ಅತ್ತೆ, ಕನ್ನಡಕ ಇನ್ನೊಂದ್ಸಲ ಸರಿ ಮಾಡ್ಕೊಳ್ಳಿ."

"ಸರಿಯಾಗೇ ಇದೆಯಲ್ಲ."

"ಇರ್ಲಿ, ಮಾಡ್ಕೊಳ್ಳಿ ಅಂದ್ರೆ."

ಮತ್ತೆ ಕೈ ಎದ್ದಿತು; ಎದ್ದಷ್ಟು ಹೊತ್ತೂ ಸ್ಥಿರ. ಸುಮ್ಮನಿದ್ದಾಗ ನಡುಗುವ ಕೈ, ಕೆಲಸ ಕೊಟ್ಟರೆ ನಿಲ್ಲುತ್ತದೆ. ಅವಳು ಬಟ್ಟೆ ಕಿತ್ತೆಸೆದು ಹೊರಗೆ ಬಂದಳು. ಗಂಡನ ಅಂಗಡಿಯ ದೊಡ್ಡ ಸೂಜಿ, ಕಪ್ಪು ದಾರ ತಂದು ಅತ್ತೆಯ ಕೈಗೆ ಕೊಟ್ಟಳು. "ಪೋಣಿಸಿ ಅತ್ತೆ. ನಾನು ಹೇಳೋವರೆಗೂ ದಾರ ಒಳಗೆ ಹೋಗಬಾರದು. ಕಣ್ಣಿನ ಹತ್ತಿರ ತಂದು ಗುರಿ ಇಟ್ಕೊಂಡು ಇರಿ."

ಮುದುಕಿ ತುಟಿ ಬಿಗಿದು, ಒಂದು ಕಣ್ಣು ಕಿರಿದು ಮಾಡಿ ಗುರಿ ಇಟ್ಟಳು. ಸೊಸೆ ಲೆನ್ಸಿನ ಮುಚ್ಚಳ ತೆಗೆದಳು. ಹಿತ್ತಲಿನಲ್ಲಿ ಅಣ್ಣತಮ್ಮಂದಿರಿಬ್ಬರೂ ಉಸಿರು ಬಿಡದೆ ನಿಂತಿದ್ದರು, ಫೋಟೋ ಅವರದಲ್ಲದಿದ್ದರೂ.

ಬಚ್ಚಲಿನ ಬಾಗಿಲು ಆ ದಿನ ಬೇಗ ತೆರೆಯಲಿಲ್ಲ. ಫಿಲಂ ಒಣಗಿ, ಇನ್ನೊಂದರ ಮೇಲೆ ಒತ್ತಿ, ಅದೂ ಒಣಗಿ ಅತ್ತೆಯ ಕೈಗೆ ಬಂದಾಗ ಬಿಸಿಲು ಇಳಿಯುತ್ತಿತ್ತು. ಸೂಜಿಯ ಕಣ್ಣು ಕಾಣುತ್ತಿತ್ತು. ದಾರದ ತುದಿಯ ಎಳೆ ಬಿಡಿಸಿಕೊಂಡದ್ದು ಕಾಣುತ್ತಿತ್ತು. ಬೆರಳುಗಳ ಗಂಟು, ಉಗುರಿನ ಸೀಳು, ಚರ್ಮದ ಒಂದೊಂದು ಗೆರೆ. ಕೈ ನಿಂತಿತ್ತು. ಅತ್ತೆ ಎರಡು ವರ್ಷ ನಡುಗಿದ ಕೈಯಲ್ಲೇ ಆ ನಿಂತ ಕೈಯನ್ನು ಹಿಡಿದು ನೋಡಿದಳು.

"ನಂದೇನೇ ಇದು?"

"ಮತ್ತಿನ್ಯಾರದ್ದು?"

ಅತ್ತೆ ಫಿಲಮ್ಮನ್ನು ಮಡಿಲಲ್ಲಿ ಇಟ್ಟುಕೊಂಡಳು. ಆಮೇಲೆ, "ಅವತ್ತು ನಿನ್ನ ಮದುವೆಗೆ ರವಿಕೆ ಹೊಲಿದದ್ದೂ ಈ ಕೈಯೇ" ಎಂದು, ಸೊಸೆಯ ಕೆನ್ನೆ ಸವರಿದಳು. ಸವರುವಾಗಲೂ ಕೈ ನಡುಗಲಿಲ್ಲ. ಅದನ್ನು ಇಬ್ಬರೂ ಗಮನಿಸಿದರು. ಮರುದಿನದಿಂದ ಅತ್ತೆ ಎಲ್ಲಿಗೆ ಹೋದರೂ ಸೊಂಟದಲ್ಲಿ ಹೆಣೆಯುವ ಕಡ್ಡಿ, ಉಣ್ಣೆ. ಜನ ಮಾತಾಡುವಾಗ ಹೆಣೆಯುತ್ತ ಕೂರುತ್ತಾಳೆ. ನೆಂಟರ ಮನೆಗೆ ಹೋಗುವುದು ಮತ್ತೆ ಶುರುವಾಯಿತು.

ಎಕ್ಸ್-ರೇ ಡಾಕ್ಟರಿಗೆ ಆ ಫಿಲಂ ತೋರಿಸಿದಾಗ ಅವರು ಅದನ್ನು ವಾಪಸು ಕೊಡಲಿಲ್ಲ. ಆಸ್ಪತ್ರೆಯ ಉದ್ದನೆಯ ಪಡಸಾಲೆಯ ಗೋಡೆಯಲ್ಲಿ ಹಿಂದೆ ಎಕ್ಸ್-ರೇ ನೋಡಲು ಹಾಕಿದ್ದ ಬೆಳಕಿನ ಪೆಟ್ಟಿಗೆಗಳು ಕೆಲಸವಿಲ್ಲದೆ ಸಾಲಾಗಿ ಉಳಿದಿದ್ದವು. ಅವುಗಳಲ್ಲಿ ಒಂದಕ್ಕೆ ಸಿಕ್ಕಿಸಿ ದೀಪ ಹಾಕಿದರು. ಸರತಿಯಲ್ಲಿ ಕೂತ ರೋಗಿಗಳು ಎದ್ದು ಬಂದು ನೋಡತೊಡಗಿದರು. ಉಳಿದ ಪೆಟ್ಟಿಗೆಗಳನ್ನು ಕತ್ತಲಕ್ಕ ಒಂದೊಂದಾಗಿ ತುಂಬಿದಳು: ಕಸ ಗುಡಿಸುವವಳು ಪೊರಕೆಯೊಂದಿಗೆ, ಅಡುಗೆಯವನು ಸೌಟಿನೊಂದಿಗೆ, ಕನ್ನಡಕ ಹಣೆಗೇರಿಸಿದ ಡಾಕ್ಟರು, ಎಚ್ಚರವಾಗಿ ಎದೆಯುಬ್ಬಿಸಿ ಕೂತ ಕಾವಲುಗಾರ. ಯಾರನ್ನೂ ಅವಳು ಸುಮ್ಮನೆ ಕೂರಿಸುತ್ತಿರಲಿಲ್ಲ, ಕೈಗೊಂದು ಕೆಲಸ ಕೊಟ್ಟೇ ತೆಗೆಯುತ್ತಿದ್ದಳು. ಹಳೆಯ ಫಿಲಂ ಮುಗಿದಾಗ ದನದ ಆಸ್ಪತ್ರೆಯ ವೈದ್ಯರ ಹತ್ತಿರ ಹೋಗಿ ವಿಚಾರಿಸಿದಳು. ಅಲ್ಲಿ ಹೊಸ ಯಂತ್ರ ಇನ್ನೂ ಬಂದಿರಲಿಲ್ಲ, ಅವರು ಫಿಲಂ ತರಿಸುವ ಅಂಗಡಿಯ ವಿಳಾಸ ಸಿಕ್ಕಿತು.

ಮುಂದಿನ ವರ್ಷ ಅಣ್ಣತಮ್ಮಂದಿರು ಎರಡನೆಯ ಕ್ಯಾಮೆರಾ ಮಾಡಿದರು. ಇದು ಮೊದಲಿನದರ ಅರ್ಧದಷ್ಟು, ಮಡಿಸಿ ಬೆನ್ನಿಗೆ ಹಾಕಿಕೊಳ್ಳುವಂಥದ್ದು, ಮೂರು ಕಾಲಿನ ಆಸರೆಯ ಮೇಲೆ ನಿಲ್ಲುವಂಥದ್ದು. ಈ ಸಲ ಇಬ್ಬರೂ ಬೆಳಗಿನಿಂದ ಸಂಜೆಯವರೆಗೆ ಕೂಗಾಡಿಕೊಂಡೇ ಕೆಲಸ ಮಾಡಿದರು. "ಮಾತಿಲ್ಲದಿದ್ದಾಗಲೇ ಮನೆ ತಣ್ಣಗಿತ್ತು" ಎಂದು ಅತ್ತೆ ಹೆಣೆಯುತ್ತಲೇ ಗೊಣಗಿದಳು. ಆದರೆ ಕಿವಿ ಅತ್ತಲೇ ಇತ್ತು.

ಅದನ್ನು ಹೊತ್ತುಕೊಂಡು ಕತ್ತಲಕ್ಕ ಮೊದಲ ಸಲ ಹೊರಗೆ ಹೋದದ್ದು ಹಳೆಯ ಪೇಟೆಯ ಬೀದಿಗೆ. ಬೆಳಗಿನ ಬಿಸಿಲು ಅಂಗಡಿಗಳ ಮುಂಗಟ್ಟಿಗೆ ಓರೆಯಾಗಿ ಬಿದ್ದಿತ್ತು. ಬೀದಿಯ ತುದಿಯಲ್ಲಿ ಆಸರೆ ನಿಲ್ಲಿಸಿ, ಕ್ಯಾಮೆರಾ ಕೂರಿಸಿ, ಕಪ್ಪು ಬಟ್ಟೆ ಹೊದ್ದಳು. ಗಾಜಿನಲ್ಲಿ ಇಡೀ ಬೀದಿ ಮಗುಚಿಕೊಂಡಿತ್ತು. ಬಾಗಿಲುಗಳು, ಮೆಟ್ಟಿಲುಗಳು, ತಂತಿಗಳು. ಮೆಲ್ಲಗೆ ತಿದಿ ಎಳೆದು ಸ್ಪಷ್ಟ ಮಾಡುತ್ತಿದ್ದಂತೆ ಆ ಮಗುಚಿದ ಬೀದಿಯಲ್ಲಿ ಜನ ಗುಂಪುಗೂಡುವುದು ಕಂಡಿತು. ಗುಂಪು ದೊಡ್ಡದಾಗುತ್ತ ಹತ್ತಿರ ಬಂತು. ಯಾರೋ ಬಟ್ಟೆಯ ಮೇಲಿಂದ ಅವಳ ಹೆಗಲು ತಟ್ಟಿದರು. ಹೊರಗೆ ಬಂದರೆ ಪಾತ್ರೆ ಅಂಗಡಿಯವನು, ಗಡಿಯಾರ ರಿಪೇರಿಯವನು, ಬಟ್ಟೆ ಅಂಗಡಿಯ ಅಣ್ಣ, ಅವರ ಹಿಂದೆ ಇನ್ನಷ್ಟು ಮಂದಿ. ಎಲ್ಲರ ಮುಖವೂ ಇಳಿದಿತ್ತು.

"ಮೇಡಂ, ಎಷ್ಟು ಅಡಿ ಹೋಗುತ್ತೆ?" ಎಂದ ಪಾತ್ರೆ ಅಂಗಡಿಯವನು.

"ಏನು ಎಷ್ಟಡಿ?"

"ರಸ್ತೆ ಅಗಲ ಮಾಡೋಕೆ ಅಳತೆ ತಗೋತಿದೀರಲ್ಲ. ನಮ್ಮ ಮುಂಗಟ್ಟು ಎಷ್ಟು ಒಡೀತಾರೆ ಹೇಳಿಬಿಡಿ. ಮೂರು ತಲೆಮಾರಿಂದ ಇಲ್ಲೇ ಇದೀವಿ."

ಕತ್ತಲಕ್ಕ ನಕ್ಕ ನಗುವಿಗೆ ತಂತಿಯ ಮೇಲಿದ್ದ ಹಕ್ಕಿಗಳು ಎದ್ದು ಹಾರಿದವು. "ಒಂದು ಇಟ್ಟಿಗೇನೂ ಅಲ್ಲಾಡಲ್ಲ ಅಣ್ಣಾ. ನಿಮ್ಮ ಫೋಟೋ ತೆಗೀತಿದೀನಿ, ಅಷ್ಟೇ. ನೋಡಬೇಕಾ? ಬನ್ನಿ" ಎಂದು ಪಾತ್ರೆ ಅಂಗಡಿಯವನನ್ನು ಬಟ್ಟೆಯೊಳಗೆ ತಳ್ಳಿದಳು. ಒಳಗಿಂದ, "ಅಯ್ಯಯ್ಯೋ, ನಮ್ಮ ಅಂಗಡಿ ಮೇಲೆ ಕೆಳಗಾಗಿದೆ!" ಎಂಬ ಕೂಗು ಬಂತು. ಆಮೇಲೆ ಎಲ್ಲರಿಗೂ ಒಮ್ಮೆ ಒಳಗೆ ಹೊಕ್ಕು ನೋಡಬೇಕು. ಸರತಿ ನಿಂತಿತು. ಗಡಿಯಾರದವನು ಹೊರಗೆ ಬಂದವನೇ ಅಂಗಡಿಗೆ ಓಡಿ ತಲೆ ಬಾಚಿಕೊಂಡು ಬಂದ.

"ಹೋಗಿ, ನಿಮ್ಮ ನಿಮ್ಮ ಬಾಗಿಲಲ್ಲಿ ನಿಂತ್ಕೊಳ್ಳಿ" ಎಂದಳು ಕತ್ತಲಕ್ಕ. "ಕೈಯಲ್ಲಿ ಏನಾದ್ರೂ ಹಿಡ್ಕೊಂಡಿರಿ. ಪಾತ್ರೆಯಣ್ಣ, ಆ ದೊಡ್ಡ ಹಂಡೆ ಎತ್ಕೊಳ್ಳಿ. ಅಷ್ಟು ಎತ್ತರ ಬೇಡ, ಮುಖ ಮುಚ್ಚುತ್ತೆ. ಬಟ್ಟೆ ಅಂಗಡಿಯೋರು ಹಿಂದಕ್ಕೆ ಸರೀರಿ, ನೆರಳು ಬೀಳ್ತಿದೆ."

ಬೀದಿಯ ಎರಡೂ ಬದಿಯಲ್ಲಿ ಜನ ತಮ್ಮ ಹೊಸ್ತಿಲ ಮೇಲೆ ನಿಂತರು. ಒಂದು ಸೈಕಲ್ಲು ಬರುತ್ತಿತ್ತು; ಅದನ್ನೂ ಯಾರೋ ಹಿಡಿದು ನಿಲ್ಲಿಸಿದರು. ಅವಳು ಗಾಜು ತೆಗೆದು ಫಿಲಂ ಕೂರಿಸಿದಳು, ಲೆನ್ಸಿಗೆ ಮುಚ್ಚಳ ಇದೆಯೇ ಎಂದು ಮುಟ್ಟಿ ನೋಡಿಕೊಂಡಳು, ಫಿಲಮ್ಮಿನ ಮುಚ್ಚಳವನ್ನು ನೇರವಾಗಿ ಮೇಲಕ್ಕೆ ಎಳೆದಳು. ಗಾಳಿ ನಿಂತಿತ್ತು. ಹಂಡೆಯ ತಾಮ್ರದ ಮೇಲೆ ಬಿಸಿಲು ಚೆನ್ನಾಗಿ ಕೂತಿತ್ತು.

"ಯಾರೂ ಅಲ್ಲಾಡಬಾರದು" ಎಂದು ಗಟ್ಟಿಯಾಗಿ ಕೂಗಿ, ಲೆನ್ಸಿನ ಮುಚ್ಚಳ ತೆಗೆದಳು.